ಕಾಕು ಕಟ್ಟುತ್ತಿದ್ದ ತಂಗಿ

ಮೊನ್ನೆ ನಮ್ಮ ಕಂಪೌಂಡಿನ ಹೊರಗೆ ಯಾರೋ ಪೋಸ್ಟರ್ ಹಚ್ಚುತ್ತಿದ್ದರು. ಅವರ ಬಕೆಟ್ಟಿನ ಮೈದಾ ಅಂಟಿನ ಹುಳಿ ವಾಸನೆ ಕಿಟಕಿಯಿಂದ ಒಳಗೆ ಬಂತು. ತಿದ್ದುತ್ತಿದ್ದ ಉತ್ತರಪತ್ರಿಕೆಗಳನ್ನು ಬಿಟ್ಟು ಎದ್ದೆ. ಕೂತೆ, ಮತ್ತೆ ಎದ್ದೆ. ದಿನವೆಲ್ಲ ಹಾಗೇ ಹೋಯಿತು...

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಬಾಡಿಗೆಗಿದ್ದಾಗ ಪಕ್ಕದ ಮನೆಯಿಂದ ಇದೇ ವಾಸನೆ ಬರುತ್ತಿತ್ತು. ಅಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಒಬ್ಬರೇ ಇದ್ದರು. ಓಣಿಯವರೆಲ್ಲ ಅವರನ್ನು ಚಿಕ್ಕಮ್ಮ ಎಂಬರ್ಥದಲ್ಲಿ ಕಾಕು ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಕಾಕು ಹೊರಗೆ ಹೋದರೆ ಬರಿಗೈಯಲ್ಲಿ ಬರುತ್ತಿರಲಿಲ್ಲ. ಹಳೆಯ ಲಗ್ನಪತ್ರಿಕೆ, ಒಡೆದ ಬಳೆ, ಮುರಿದ ಕೊಡೆ, ಹಾಲಿನ ಪಾಕೀಟು... ಎಲ್ಲ ಸೆರಗಿನಲ್ಲಿ ತುಂಬಿಕೊಂಡು ಬರುವರು. ಅವನ್ನೆಲ್ಲ ಹರಿದು, ಕತ್ತರಿಸಿ, ರಟ್ಟಿಗೆ ಅಂಟಿಸಿ ಚಿತ್ರ ಮಾಡುವರು. ಎಮ್ಮೆ, ಜೋಳದ ಹೊಲ, ರೊಟ್ಟಿ ಬಡಿಯುವ ಹೆಂಗಸರು.

ಆದರೆ ಅವರ ಜೀವವೆಲ್ಲ ಇದ್ದದ್ದು ಅಂಗಳದ ತಗಡಿನ ಚಪ್ಪರದಡಿ ನಿಂತಿದ್ದ ಹುಡುಗಿಯಲ್ಲಿ. ಕೊಡೆಯ ಕಡ್ಡಿಗಳ ಮೈ, ಲಗ್ನಪತ್ರಿಕೆಯ ಚರ್ಮ, ಕ್ಯಾಸೆಟ್ ರೀಲಿನ ಕೂದಲು. ಅದು ಅವರ ತಂಗಿ. ಹನ್ನೆರಡನೇ ವಯಸ್ಸಿಗೆ ಅವರ ಊರು ಅಮ್ಮಿನಬಾವಿಯಲ್ಲಿ ಜ್ವರದಿಂದ ತೀರಿಕೊಂಡವಳು. ಅವಳದೊಂದು ಫೋಟೋ ಸಹ ಇರಲಿಲ್ಲ. ಕಾಕು ಮುಖ ಅಂಟಿಸುವರು, ಎರಡು ದಿನ ನೋಡುವರು, ಆಕೆ ಹೀಗಿರಲಿಲ್ಲ ಎಂದು ಕಿತ್ತು ಹಾಕುವರು. ಒಂದು ಕಡೆ ಕೂತವರಲ್ಲ.

ಆ ಮಳೆಗಾಲದಲ್ಲಿ ನನ್ನ ಮಗಳಿಗೆ ಡೆಂಗಿ ಬಂತು. ಕಾಕು ಅಂಗಳದಲ್ಲಿ ಕೂಡಿಟ್ಟ ಡಬ್ಬಿಗಳಲ್ಲಿ ನೀರು ನಿಂತು ಸೊಳ್ಳೆಗಳಾಗಿವೆ ಎಂದು ಓಣಿಯವರು ಪಾಲಿಕೆಗೆ ಅರ್ಜಿ ಬರೆದರು. ನಾನೂ ಸಹಿ ಹಾಕಿದೆ. ಮಗಳನ್ನು ಆಸ್ಪತ್ರೆಯಿಂದ ಕರೆತಂದ ಮರುದಿನವೇ ಕಸದ ಗಾಡಿ ಬಂತು. ಕಾಕು ನೆಂಟರ ಮದುವೆಗೆ ಊರಿಗೆ ಹೋಗಿದ್ದರು. ನಾನು ಕಿಟಕಿಯಲ್ಲೇ ನಿಂತಿದ್ದೆ. ಡಬ್ಬಿಗಳ ಮೇಲೆ ಆ ಹುಡುಗಿಯನ್ನು ಬೋರಲು ಹಾಕಿದರು. ಅದೊಂದನ್ನು ಬಿಡಿ ಎಂದಿದ್ದರೆ ಬಿಡುತ್ತಿದ್ದರೋ ಏನೋ... ನಾನು ಬಾಯಿ ತೆರೆಯಲಿಲ್ಲ.

ಕಾಕು ಬಂದು ಖಾಲಿ ಚಪ್ಪರದಡಿ ಬಹಳ ಹೊತ್ತು ನಿಂತರು. ವಾರದ ಮೇಲೆ ನನ್ನ ಬಾಗಿಲಿಗೆ ಬಂದರು.

"ನಿನ್ನ ಮೂಗು ಆಕೀ ಮೂಗಿನಂಗ ಐತಿ. ಒಂದೀಟು ಬಂದು ಕುಂದರ್ತೀ ಏನವಾ?"

ಹೋಗಿ ಕುಳಿತೆ. ಈ ಸಲ ಬರೀ ಮುಖ, ರಟ್ಟಿನ ಮೇಲೆ. ಮೂರನೆಯ ದಿನ ತಡೆಯಲಾಗಲಿಲ್ಲ.

"ಕಾಕೂ, ಆ ಅರ್ಜಿಗೆ ನಾನೂ ಸಹಿ ಮಾಡೀನ್ರಿ."

ಅವರು ಕಾಗದ ಹರಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತಿ. ಅಲುಗಾಡಬ್ಯಾಡ."

ಅಷ್ಟೇ. ಕ್ಷಮಿಸಿದರೋ ಇಲ್ಲವೋ ಇಂದಿಗೂ ತಿಳಿಯದು. ಆದರೆ ಆ ಮುಖವನ್ನು ಮಾತ್ರ ಅವರು ಕಿತ್ತು ಹಾಕಲಿಲ್ಲ.

ಮುಂದೆ ನಾವು ಧಾರವಾಡಕ್ಕೆ ಮನೆ ಬದಲಿಸಿದೆವು. ಬರುತ್ತಿರುತ್ತೇನೆ ಎಂದು ಹೇಳಿ ಬಂದಿದ್ದೆ. ಬಸ್ಸಿನಲ್ಲಿ ಒಂದು ತಾಸಿನ ಹಾದಿ, ಆದರೂ ಒಮ್ಮೆಯೂ ಹೋಗಲಿಲ್ಲ. ಕಾಕು ತೀರಿಕೊಂಡ ಸುದ್ದಿ ಕಿವಿಗೆ ಬಿದ್ದಾಗ ತಿಂಗಳುಗಳೇ ಕಳೆದಿದ್ದವು.

ಪೋಸ್ಟರಿನವರು ಬಂದು ಹೋದ ಮೇಲೆ, ನಿನ್ನೆ ಭಾನುವಾರ, ತಡೆಯಲಾರದೆ ಬೆಂಗೇರಿಗೆ ಹೋದೆ. ಆ ಮನೆಯಲ್ಲೀಗ ಕಾಕುವಿನ ಅಣ್ಣನ ಮಗ ಇದ್ದಾನೆ. ಆ ಮುಖ ಇದೆಯೇ ಎಂದು ಕೇಳಿದೆ. ಅವನು ನೆನಪು ಮಾಡಿಕೊಂಡು ಹೇಳಿದ.

"ಅದಕ್ಕ ಹುಳಾ ಹತ್ತಿದ್ವುರಿ. ರದ್ದಿ ಪೇಪರಿನ ಜೋಡಿ ಕೊಟ್ಟುಬಿಟ್ವಿ."

ಅವನ ತಪ್ಪಿಲ್ಲ. ಒಳ್ಳೆಯ ಹುಡುಗ, ಚಹಾ ಕೊಟ್ಟ. ನೀವು ಅತ್ತೆಗೆ ಏನಾಗಬೇಕು ಎಂದು ಕೇಳಿದ. ಪಕ್ಕದ ಮನೆಯವಳು ಎಂದೆ. ಕಾಕು ಇಲ್ಲ, ಅವರ ತಂಗಿಯ ಮುಖವೂ ಇಲ್ಲ. ಹೋಗುವುದಾದರೆ ಅವರು ಇದ್ದಾಗಲೇ ಹೋಗಬೇಕಿತ್ತು... ಹೊರಬಂದು ಧಾರವಾಡದ ಬಸ್ಸು ಹತ್ತಿದೆ. ಸೀಟುಗಳು ಖಾಲಿ ಇದ್ದವು. ನಾನು ಊರು ಬರುವವರೆಗೂ ನಿಂತೇ ಬಂದೆ.