ಉಗ್ರಪ್ಪಣ್ಣನ ಆರನೇ ಬಾಲು

ನಮ್ಮ ಬಬ್ಬೂರು ಯುವಕರ ಕ್ರಿಕೆಟ್ ಸಂಘಕ್ಕೆ ಈ ವರ್ಷ ಮೂವತ್ತು ತುಂಬುತ್ತದೆ. ನೆನಪಿನ ಪುಸ್ತಕವೊಂದನ್ನು ಅಚ್ಚು ಹಾಕಿಸುತ್ತಾರಂತೆ. ಮೊನ್ನೆ ಕ್ಯಾಪ್ಟನ್ ಶಿವು ನನ್ನ ಅಂಗಡಿಗೆ ಬಂದು, "ದುರ್ಗೇಶಣ್ಣ, ಅಂಪೈರ್ ಉಗ್ರಪ್ಪನ ಮ್ಯಾಲೆ ಎರಡು ಪುಟ ನೀನೇ ಬರ್ದುಬಿಡು. ನಿಂಗೆ ಪೆನ್ನು ಹಿಡ್ದು ರೂಢಿ ಐತೆ" ಎಂದ. ರೂಢಿ ಎಂದರೆ ಇಷ್ಟೇ: ಹಿರಿಯೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿಯಿದೆ, ಜನರ ಅರ್ಜಿ ತುಂಬಿಕೊಡುತ್ತೇನೆ. ಭಾನುವಾರ ಸಂಘದ ಸ್ಕೋರ್ ಬುಕ್ ಬರೆಯುತ್ತೇನೆ. ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತು, "ಆ ಹೊಸದುರ್ಗದ ಮ್ಯಾಚಿನ ಸಂಗ್ತಿ ಎರಡೇ ಸಾಲಲ್ಲಿ ಮುಗ್ಸು. ಮುದುಕನ ಎಣಿಕೆ ತಪ್ಪಿ ಕೈಗೆ ಬಂದ ಕಪ್ಪು ಹೋತು ಅಂತ ಬರೆದ್ರೆ ಸಾಕು" ಎಂದೂ ಹೇಳಿದ.

ಎರಡು ಸಾಲಲ್ಲಿ ಮುಗಿಯುವುದಿಲ್ಲ, ಶಿವು. ಕೂತು ಓದು.

ಉಗ್ರಪ್ಪಣ್ಣ ಹುಟ್ಟಿದ್ದು ಯಲ್ಲದಕೆರೆಯಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಚಿತ್ತಮ್ಮನನ್ನು ಮದುವೆಯಾದ ಮೇಲೆ ಅವಳ ತವರಾದ ಬಬ್ಬೂರಿಗೇ ಮಂದೆ ಹೊಡೆದುಕೊಂಡು ಬಂದು ನೆಲೆ ನಿಂತ. ಊರ ಹಿಂದಿನ ಗೋಮಾಳ ಅವನ ಕುರಿಗಳಿಗೆ ಮೇವಿನ ಜಾಗ. ನಮಗೆ ಅದೇ ಮೈದಾನ. ಸಂಘ ಕಟ್ಟಿದ ಹೊಸದರಲ್ಲಿ ಅವನಿಗೂ ನಮಗೂ ಬರೀ ಜಗಳ. ಬಡಗಿಯಿಂದ ಕೆತ್ತಿಸಿದ ಬೇವಿನ ಬ್ಯಾಟು, ಜಾಲಿ ಮುಳ್ಳಿಗೆ ಸಿಕ್ಕಿ ತೂತಾದ ಬಾಲು, ನಡುವೆ ಮುನ್ನೂರು ಕುರಿ. ಒಮ್ಮೆ ನಾನು ಮೇಲೆ ನೋಡುತ್ತ ಕ್ಯಾಚ್ ಹಿಡಿಯಲು ಓಡಿ, ಟಗರೊಂದಕ್ಕೆ ಡಿಕ್ಕಿ ಹೊಡೆದು ಬಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂಬುದು ಊರಿಗೇ ಗೊತ್ತು. ಎದ್ದವನೇ ಬಾಯಿಗೆ ಬಂದಂತೆ ಬೈದೆ. ಅವನು ಕೋಲಿಗೆ ಗದ್ದ ಊರಿ ನಿಂತು ಪೂರ್ತಿ ಕೇಳಿಸಿಕೊಂಡು, "ಟಗರಿಗೆ ಏನೂ ಆಗಿಲ್ಲ ತಾನೆ?" ಎಂದ. ಅಷ್ಟೇ.

ಅವನು ಅಂಪೈರ್ ಆದದ್ದೂ ಜಗಳದಿಂದಲೇ. ಒಂದು ಭಾನುವಾರ ಓವರ್ ಮುಗಿಯಿತೋ ಇಲ್ಲವೋ ಎಂದು ನಮ್ಮನಮ್ಮಲ್ಲೇ ಅಂಗಿ ಹಿಡಿದು ಎಳೆದಾಡುತ್ತಿದ್ದೆವು. ಅವನು ಮಂದೆಯ ನಡುವಿನಿಂದಲೇ ಕೂಗಿದ. "ಐದಾಗೈತೆ ಕಣ್ರಲೇ. ಇನ್ನೊಂದು ಹಾಕ್ರಿ."

"ನಿನಗೆ ಹೆಂಗೆ ಗೊತ್ತು?" ಎಂದು ನಾನು ಎಗರಿದೆ.

"ಮೊದಲ್ನೇದು ಆ ಉದ್ದನೆಯವನು ಹೊಡೆದು ಒಂದು ಓಡಿದ. ಎರಡನೇದು ಯಾರಿಗೂ ತಾಗ್ಲಿಲ್ಲ. ಮೂರನೇದು ಜಾಲಿ ಗಿಡಕ್ಕೆ ಹೋತು..." ಎಂದು ಐದು ಬಾಲನ್ನೂ ಕಣ್ಣ ಮುಂದೆ ಇಟ್ಟಂತೆ ಹೇಳಿದ. "ಬೆಳಿಗ್ಗೆ ಹಟ್ಟಿ ಬಾಗ್ಲು ತೆಗೆದ್ರೆ ಮುನ್ನೂರು ಕುರಿ ಒಂದ್ರ ಮ್ಯಾಲೊಂದು ನುಗ್ತವೆ. ಅವ್ನೆಲ್ಲ ಎಣಿಸ್ತೀನಿ. ನಿಮ್ದು ಆರೇ ಬಾಲು. ಅವೂ ಪಾಪ ಒಂದೊಂದೇ ಬರ್ತವೆ."

ಎಲ್ಲರೂ ನಕ್ಕುಬಿಟ್ಟೆವು. ಅಂದಿನಿಂದ ಅವನೇ ನಮ್ಮ ಅಂಪೈರ್. ಸಂಘದಿಂದ ಬಿಳಿ ಕೋಟು ಹೊಲಿಸಿಕೊಟ್ಟೆವು. ಅದರ ಮೇಲೆ ಹೆಗಲಿಗೆ ಕಂಬಳಿ ಹಾಕಿಕೊಂಡೇ ನಿಲ್ಲುತ್ತಿದ್ದ. ಔಟಾದರೆ ಬೆರಳೆತ್ತುವುದಿಲ್ಲ, ಕೋಲು ಎತ್ತುತ್ತಾನೆ. ನಮ್ಮ ಗಾಳಿ ಗೊತ್ತಲ್ಲ, ಸ್ಟಂಪಿನ ಮೇಲೆ ಬೇಲ್ಸ್ ಒಂದು ಗಳಿಗೆ ನಿಲ್ಲುವುದಿಲ್ಲ. ಅವನು ಚಿಟಿಕೆ ಹಸಿ ಮಣ್ಣು ಮೆತ್ತಿ ನಿಲ್ಲಿಸುವುದನ್ನು ಕಂಡುಹಿಡಿದ. ಶನಿವಾರ ಸಂಜೆಯವರೆಗೆ ಕುರಿ ಬಿಟ್ಟು ಮೈದಾನದ ಹುಲ್ಲನ್ನು ಒಂದೇ ಸಮ ಮೇಯಿಸುತ್ತಿದ್ದ, ಭಾನುವಾರ ಬೆಳಿಗ್ಗೆ ಪಿಚ್ಚಿನ ಮೇಲಿನ ಹಿಕ್ಕೆಯನ್ನು ತಾನೇ ಗುಡಿಸುತ್ತಿದ್ದ. ಜ್ವರ ಬಂದ ದಿನವೂ ತಪ್ಪಿಸಿದವನಲ್ಲ. "ನಮ್ ಮದ್ವೆ ಯಾವ ವಾರ ಆತು ಅಂತ ಕೇಳ್ರಿ, ಗೊತ್ತಿಲ್ಲ. ಹೋದ್ವರ್ಷದ ಬಾಲ್ ಕೇಳ್ರಿ, ಬಾಯಿಪಾಠ" ಎಂದು ಚಿತ್ತಮ್ಮ ಎಲ್ಲರೆದುರೂ ಆಡಿಕೊಳ್ಳುತ್ತಿದ್ದಳು.

ಅವನು ಬಾಲು ಎಣಿಸುವ ರೀತಿಯನ್ನು ಇಲ್ಲಿ ಬಿಡಿಸಿ ಹೇಳಲೇಬೇಕು, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ನಮ್ಮ ಕಡೆ ಕಣದಲ್ಲಿ ರಾಗಿ ರಾಶಿ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, "ಲಾಭ" ಎನ್ನುತ್ತೇವೆ. ಆಮೇಲೆ ಎರಡು, ಮೂರು. ಲಾಭ ಎನ್ನುವುದು ರಾಶಿಗೆ ಒಂದೇ ಸಲ. ಬಾಯಿಂದ ಬಂದ ಲಾಭವನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ಅದು ಒಳ್ಳೆಯದಲ್ಲ. ಉಗ್ರಪ್ಪಣ್ಣ ಓವರನ್ನೂ ಹಾಗೆಯೇ ಎಣಿಸುತ್ತಿದ್ದ, ಗಟ್ಟಿಯಾಗಿ. ಲಾಭ, ಎರಡು, ಮೂರು, ನಾಲ್ಕು, ಐದು, ಆರು. ಹೊರ ಊರಿನ ಆಟಗಾರರು ಮೊದಲ ಸಲ ಕೇಳಿ ನಗುತ್ತಿದ್ದರು. ಸಾಯಂಕಾಲದ ಹೊತ್ತಿಗೆ ಅವರೂ ಲಾಭ ಎನ್ನುತ್ತಿದ್ದರು.

ಮೂರು ವರ್ಷದ ಹಿಂದೆ ನಾಲ್ಕು ತಾಲ್ಲೂಕಿನ ಟೂರ್ನಮೆಂಟು ನಮ್ಮೂರಲ್ಲಿ ನಡೆಯಿತು. ಚಿತ್ರದುರ್ಗ, ಹೊಳಲ್ಕೆರೆಯವರು ಸೋತು ಫೈನಲ್ಲಿಗೆ ನಾವೂ ಹೊಸದುರ್ಗದವರೂ ಉಳಿದೆವು. ಸಂಘ ಹುಟ್ಟಿ ಇಪ್ಪತ್ತೇಳು ವರ್ಷವಾಗಿತ್ತು, ಒಂದು ಕಪ್ಪನ್ನೂ ಮುಟ್ಟಿರಲಿಲ್ಲ. ಕೊನೆಯ ಓವರಿನಲ್ಲಿ ಅವರಿಗೆ ಹನ್ನೊಂದು ರನ್ ಬೇಕು. ಬೌಲರ್ ನಮ್ಮ ಶಿವು.

ಮೊದಲ ಬಾಲು ಎದೆ ಮಟ್ಟಕ್ಕೆ ಹೋಯಿತು. ಉಗ್ರಪ್ಪಣ್ಣ "ಲಾಭ" ಎಂದ. ಅಷ್ಟರಲ್ಲಿ ಲೆಗ್ ಕಡೆ ನಿಂತಿದ್ದ ಇನ್ನೊಬ್ಬ ಅಂಪೈರ್, ಹೊಳಲ್ಕೆರೆಯವನು, ನೋಬಾಲ್ ಎಂದು ಕೈ ಚಾಚಿದ. ಸರಿಯೇ ಇತ್ತು, ಉಗ್ರಪ್ಪಣ್ಣನೂ ಒಪ್ಪಿ ಕೈ ಚಾಚಿದ. ಅವರಿಗೆ ಒಂದು ರನ್ ಸಿಕ್ಕಿತು, ಬಾಲು ಲೆಕ್ಕಕ್ಕಿಲ್ಲ; ನಾನು ಬುಕ್ಕಿನಲ್ಲಿ ಅದರ ಗುರುತಿಗೆ ಸೊನ್ನೆ ಸುತ್ತಿದೆ. ಆದರೆ ಲಾಭ ಆಗಲೇ ಬಾಯಿಂದ ಹೊರಬಿದ್ದಿತ್ತಲ್ಲ. ಮುಂದಿನ ಬಾಲಿಗೆ ಅವನ ನಾಲಿಗೆ "ಎರಡು" ಎಂದಿತು. ಒಂದು ರನ್. ಮೂರು, ಏನಿಲ್ಲ. ನಾಲ್ಕು, ಬೌಂಡರಿ. ಐದು, ಏನಿಲ್ಲ. "ಆರು" ಎಂದಾಗ ಅವರ ಕ್ಯಾಪ್ಟನ್ ಹಾಲಸ್ವಾಮಿ ಎರಡು ಓಡಿದ. "ಓವರ್!" ಎಂದ ಉಗ್ರಪ್ಪಣ್ಣ. ಅವರಿಗೆ ಇನ್ನೂ ಮೂರು ರನ್ ಬೇಕಿತ್ತು. ಜನ ಶಿಳ್ಳೆ ಹೊಡೆಯುತ್ತ ಒಳಗೆ ನುಗ್ಗಿದರು.

ಹಾಲಸ್ವಾಮಿ ಬ್ಯಾಟು ಎತ್ತಿ ಕೂಗುತ್ತಿದ್ದ. "ನೋಬಾಲ್ ಬಿಟ್ರೆ ಐದೇ ಆಗಿರೋದು! ಒಂದು ಬಾಲ್ ಐತ್ರೀ!"

ಉಗ್ರಪ್ಪಣ್ಣ ನನ್ನ ಮೇಜಿನ ಕಡೆ ತಿರುಗಿದ. "ಬುಕ್ಕಿನಾಗೆ ಎಷ್ಟೈತೆ ನೋಡಪ್ಪ ದುರ್ಗೇಶ."

ನೋಡಿದೆ. ಸೊನ್ನೆ ಬಿಟ್ಟರೆ ಐದೇ ಇತ್ತು. ನನ್ನ ಹಿಂದೆ ಊರಿಗೆ ಊರೇ ಕುಣಿಯುತ್ತಿತ್ತು. ಶಿವುವನ್ನು ಹೆಗಲ ಮೇಲೆ ಹೊತ್ತಿದ್ದರು. ಇಪ್ಪತ್ತೇಳು ವರ್ಷ ಎಂದುಕೊಂಡೆ. "ಆರಾಗೈತೆ, ಸುಮ್ನೆ ಹೋಗ್ರೀ!" ಎಂದು ಹಾಲಸ್ವಾಮಿಯ ಮೇಲೇ ರೇಗಿದೆ. ಆಮೇಲೆ ಯಾರೂ ನೋಡದಾಗ ಐದರ ಮುಂದೆ ಒಂದು ಚುಕ್ಕಿ ಇಟ್ಟೆ. ರನ್ ಇಲ್ಲದ ಬಾಲಿಗೆ ಇಡುವ ಚುಕ್ಕಿ. ಹೌದು ಶಿವು, ನಾನೇ. ಥೂ, ಈಗ ಬರೆಯುವಾಗಲೂ ಮೈ ಉರಿಯುತ್ತದೆ.

ಮಾರನೆಯ ಬೆಳಿಗ್ಗೆ ಅಂಗಡಿ ತೆರೆಯುವುದಕ್ಕೂ ಉಗ್ರಪ್ಪಣ್ಣ ಬರುವುದಕ್ಕೂ ಸರಿಹೋಯಿತು.

"ಬರ್ರಿ, ಕುಂತ್ಕಳ್ರಿ. ಟೀ ತರಿಸ್ಲಾ?"

"ಟೀ ಇರ್ಲಿ. ಬುಕ್ಕು ತೆಗಿ."

ಅವನಿಗೆ ಓದಲು ಬರದು. ಆದರೆ ಅಂಕಿ, ಚುಕ್ಕಿ ಎಲ್ಲ ಗೊತ್ತು. ಬೆರಳಿಟ್ಟು ಒಂದೊಂದಾಗಿ ಎಣಿಸಿದ. ಸೊನ್ನೆಯ ಹತ್ತಿರ ಬೆರಳು ನಿಂತಿತು. "ಇದಕ್ಕೆ ನಾನು ಲಾಭ ಅಂದಿದ್ದೆ. ಕುರಿ ಹಟ್ಟಿಗೆ ಹೊಡೀವಾಗ ನೆಪ್ಪಾತು" ಎಂದು ಮುಂದೆ ಸರಿಸಿದ. ಕೊನೆಯ ಚುಕ್ಕಿಗೆ ಬಂದ. "ಹಾಲಸ್ವಾಮಿ ಎರಡು ಓಡಿದ. ಅಷ್ಟೊತ್ತಿಗೆ ಜನ ಒಳಿಕ್ಕೆ ಬಂದ್ರು. ಈ ಚುಕ್ಕಿ ಬಾಲು ಯಾವಾಗ ಹಾಕಿದ್ದಪ್ಪ?"

ಬೈದಿದ್ದರೆ ನಾನೂ ಎದುರು ಮಾತಾಡುತ್ತಿದ್ದೆ, ನನಗದು ಬರುತ್ತದೆ. ಅವನು ಬೈಯಲಿಲ್ಲ. ಟೇಬಲ್ಲಿನ ಮೇಲಿದ್ದ ಬ್ಲೇಡಿಗೆ ನಾನು ಕೈ ಹಾಕಿದಾಗ ಮಾತ್ರ ತಡೆದ. "ಕೆರೀಬೇಡ. ಆ ಬಾಲು ಬಾಕಿ ಐತೆ. ಹಾಕಾಣ. ಹಾಕಿದ್ ಮ್ಯಾಲೆ ಅದ್ರ ಮ್ಯಾಲೇ ಬರಿ."

ಅಂದೇ ಸಂಜೆ ಸಂಘದವರನ್ನು ಕೂಡಿಸಿ, ತನ್ನ ಎಣಿಕೆ ತಪ್ಪಿತೆಂದು ಹೇಳಿದ. ನನ್ನ ಹೆಸರು ಎತ್ತಲಿಲ್ಲ. ಎಲ್ಲರೂ ಅವನ ಮೇಲೆ ಮುರಿದುಕೊಂಡು ಬಿದ್ದರು. ಶಿವು ಅಂತೂ, "ವಯಸ್ಸಾತು ನಿಂಗೆ, ಕಣ್ಣು ಮಂಜಾಗ್ಯಾವೆ. ಗೆದ್ದ ಕಪ್ಪು ಯಾವನಾದ್ರೂ ವಾಪಸ್ ಕೊಡ್ತಾನಾ?" ಎಂದ.

"ವಾಪಸ್ ಕೊಡು ಅನ್ಲಿಲ್ಲ ಕಣಪ್ಪ. ಒಂದು ಬಾಲ್ ಹಾಕು ಅಂದೆ. ಹಾಕಿ ಗೆದ್ರೆ ಕಪ್ಪು ನಮ್ದು. ಈಗಿರೋದು ನಮ್ದಲ್ಲ."

ನಾನು ಮೂಲೆಯಲ್ಲಿ ಕೂತು ನೆಲ ನೋಡುತ್ತಿದ್ದೆ. ಎದ್ದು ನಿಂತು ಒಂದು ಮಾತು ಆಡಬೇಕಿತ್ತು. ಆಡಲಿಲ್ಲ.

ಭಾನುವಾರ ಅವನು ಸಂಘದ ಕೋಣೆಯಲ್ಲಿದ್ದ ಕಪ್ಪನ್ನು ಕಂಬಳಿಯಲ್ಲಿ ಸುತ್ತಿ ಒಬ್ಬನೇ ಹೊಸದುರ್ಗದ ಬಸ್ಸು ಹತ್ತಿದನೆಂದು ಚಿತ್ತಮ್ಮ ಬಂದು ಹೇಳಿದಳು. "ಬೌಲರ್ ಇಲ್ದೆ ಬಾಲ್ ಯಾರು ಹಾಕ್ತಾರೆ ಅಂದೆ. ಬಂದ್ರೆ ಬರ್ತಾರೆ, ಇಲ್ದಿದ್ರೆ ಕಪ್ಪು ಅಲ್ಲೇ ಇಟ್ಟು ಬರ್ತೀನಿ ಅಂದ. ಹೋಗ್ರಪ್ಪ ಯಾರಾದ್ರೂ." ಶಿವು ಬೈಯುತ್ತಲೇ ಬೈಕಿಗೆ ಕಿಕ್ ಹೊಡೆದ. ನಾನು ಸ್ಕೋರ್ ಬುಕ್ ಕಂಕುಳಲ್ಲಿ ಇಟ್ಟುಕೊಂಡು ಹಿಂದೆ ಕೂತೆ.

ಅಲ್ಲಿಗೆ ಹೋದರೆ ಉಗ್ರಪ್ಪಣ್ಣ ಬಿಳಿ ಕೋಟು ಹಾಕಿಕೊಂಡು ವಿಕೆಟ್ಟಿನ ಹಿಂದೆ ನಿಂತಾಗಿತ್ತು. ಬೇಲ್ಸಿಗೆ ಮಣ್ಣು ಮೆತ್ತಿದ್ದ. ನಮ್ಮ ಕಡೆ ಇದ್ದವನು ಬೌಲರ್ ಒಬ್ಬನೇ. ಫೀಲ್ಡಿಗೆ ಯಾರು? ಹಾಲಸ್ವಾಮಿ ತನ್ನ ಹುಡುಗರನ್ನೇ ಕರೆದು ನಿಲ್ಲಿಸಿದ. "ಲೇ, ಈಗ ನೀವು ಬಬ್ಬೂರಿನೋರು. ಬಾಲ್ ಬಿಟ್ರೆ ಹುಷಾರ್!" ಎಂದ. ಆಮೇಲೆ ಬಂದು ಬ್ಯಾಟು ಊರಿ ನಿಂತ. ಒಂದು ಬಾಲು, ಮೂರು ರನ್.

ಶಿವು ಜೀವ ಬಿಟ್ಟು ಓಡಿ ಬಂದು ಹಾಕಿದ. ಒಳ್ಳೆಯ ಬಾಲೇ. ಹಾಲಸ್ವಾಮಿ ಎಡಗಾಲು ಮುಂದಿಟ್ಟು ಬೀಸಿದ. ಬಾಲು ಬೌಂಡರಿ ಕಡೆ ನೆಲ ಹಿಡಿದು ಓಡಿತು. ಅದರ ಹಿಂದೆ ಅವರದೇ ಒಬ್ಬ ಆಟಗಾರ ಓಡಿದ. ತನ್ನ ಕ್ಯಾಪ್ಟನ್ ಹೊಡೆದದ್ದನ್ನು ತಡೆಯಲು ಅಷ್ಟು ದೂರದಿಂದ ಜಿಗಿದು ಕಲ್ಲುನೆಲದ ಮೇಲೆ ಜಾರಿದ. ಮೊಣಕೈ ಕಿತ್ತು ರಕ್ತ ಬಂತು. ಗೇಣು ದೂರದಲ್ಲಿ ಬಾಲು ಗೆರೆ ದಾಟಿತು. ಫೋರ್.

ಉಗ್ರಪ್ಪಣ್ಣ ಬೌಂಡರಿಗೆ ಕೈ ಬೀಸಿ, ಎಲ್ಲರಿಗೂ ಕೇಳುವಂತೆ "ಆರು" ಎಂದ. ಹಾಲಸ್ವಾಮಿ ಬ್ಯಾಟು ಕೆಳಗಿಟ್ಟು ಬಂದು ಅವನ ಕಾಲು ಮುಟ್ಟಲು ಬಗ್ಗಿದ. ಉಗ್ರಪ್ಪಣ್ಣ ಅದಕ್ಕೆ ಅವಕಾಶ ಕೊಡದೆ ಹಿಂದೆ ಸರಿದು, ಮೊಣಕೈ ಕಿತ್ತುಕೊಂಡವನ ಹತ್ತಿರ ಹೋಗಿ ಕಂಬಳಿಯ ಅಂಚಿನಿಂದ ಮಣ್ಣು ಒರೆಸಿದ.

ಆಮೇಲೆ ನನ್ನ ಪಕ್ಕಕ್ಕೆ ಬಂದು ಕೂತ. ನಾನು ಚುಕ್ಕಿಯ ಮೇಲೆ ನಾಲ್ಕು ಎಂದು ಒತ್ತಿ ಬರೆದೆ. ಅವನು ಸೊನ್ನೆಯನ್ನು ಬಿಟ್ಟು ಅದರ ಮುಂದಿನಿಂದ ಬೆರಳಿಟ್ಟು ಎಣಿಸಿದ. ಲಾಭ, ಎರಡು, ಮೂರು, ನಾಲ್ಕು, ಐದು, ಆರು. "ಈಗ ಸರಿಯಾತು" ಎಂದ.

"ಊರಿಗೆ ಹೋದ್ ಮ್ಯಾಲೆ ಹೇಳ್ಬಿಡ್ತೀನಿ, ಉಗ್ರಪ್ಪಣ್ಣ. ನಾನು ಸುಳ್ಳು ಹೇಳಿದ್ದು."

"ಬ್ಯಾಡ. ಮೊದ್ಲು ತಪ್ಪಿದ್ದು ನಾನು. ನಿಂದು ಆಮ್ಯಾಲಿಂದು." ಬುಕ್ಕನ್ನು ಮುಚ್ಚಿ ನನ್ನ ಕೈಗಿಟ್ಟ. "ಅಂಪೈರ್ ಆದ್ರೆ ಯಾರಾದ್ರೂ ಸಿಕ್ತಾರೆ. ಬುಕ್ಕು ಬರಿಯೋಕೆ ನಮ್ ಸಂಘದಾಗೆ ನಿನ್ ಬಿಟ್ರೆ ಯಾರದಾರೆ?"

ನಾನು ಆ ಮಾತನ್ನು ಅನುಕೂಲವಾಗಿ ನಂಬಿಕೊಂಡೆ. ಮರುವಾರದಿಂದ ಸಂಘ ಅವನನ್ನು ಕರೆಯಲಿಲ್ಲ. ಎಣಿಕೆ ತಪ್ಪುವ ಮುದುಕ ಎಂಬ ಹೆಸರು ಅವನಿಗೆ ಅಂಟಿತು. ಕುರಿ ಎಣಿಸಿ ಬದುಕಿದವನಿಗೆ ಅದಕ್ಕಿಂತ ಕೆಟ್ಟ ಮಾತು ಇನ್ನೊಂದಿಲ್ಲ. ಈಗಲೂ ಶನಿವಾರ ಸಂಜೆ ಮೈದಾನ ಮೇಯಿಸುತ್ತಾನೆ, ಭಾನುವಾರ ಬೆಳಿಗ್ಗೆ ಪಿಚ್ಚು ಗುಡಿಸುತ್ತಾನೆ. ನಾವು ಸ್ಟಂಪು ಹೊತ್ತು ಬರುವಷ್ಟರಲ್ಲಿ ಕುರಿ ಹೊಡೆದುಕೊಂಡು ಹೋಗಿಬಿಡುತ್ತಾನೆ. ಒಂದು ದಿನ ದೂರದಲ್ಲಿ, ಜಾಲಿ ಮರದ ಕೆಳಗೆ ನಿಂತು ನಮ್ಮ ಓವರನ್ನು ಬಾಯಲ್ಲೇ ಎಣಿಸುತ್ತಿದ್ದುದನ್ನು ನೋಡಿದೆ. ಹೊಸದುರ್ಗದವರು ಮಾತ್ರ ತಮ್ಮ ಫೈನಲ್ಲಿಗೆ ಪ್ರತಿ ವರ್ಷ ಅವನನ್ನೇ ಕರೆಸುತ್ತಾರೆ. ಅವನಿಲ್ಲದೆ ಟಾಸ್ ಹಾಕುವುದಿಲ್ಲ ಎನ್ನುತ್ತಾನೆ ಹಾಲಸ್ವಾಮಿ.

ಶಿವು, ಮೂರು ವರ್ಷದಿಂದ ನೀನು ಅವನನ್ನು ಬೈಯುತ್ತಿದ್ದೀಯ, ನಾನು ಪಕ್ಕದಲ್ಲೇ ಕೂತು ಟೀ ಕುಡಿಯುತ್ತಿದ್ದೇನೆ. ಅವನ ನಾಲಿಗೆ ತಪ್ಪಿದ್ದು ಒಂದು ಸಲ, ಅದನ್ನು ತಿದ್ದಿಕೊಳ್ಳಲು ಅವನು ಅಲ್ಲೇ ನನ್ನನ್ನು ಕೇಳಿದ. ನಾನು ನಿಜ ಹೇಳಿದ್ದರೆ ಆ ಬಾಲನ್ನು ನಮ್ಮ ಮೈದಾನದಲ್ಲೇ, ನಮ್ಮ ಜನರ ಮುಂದೆಯೇ ನೀನು ಹಾಕುತ್ತಿದ್ದೆ. ಗೆಲ್ಲುತ್ತಿದ್ದೆಯೋ ಏನೋ. ಇದರಲ್ಲಿ ಒಂದಕ್ಷರ ಕತ್ತರಿಸದೆ ಅಚ್ಚು ಹಾಕಿಸು. ಸ್ಕೋರ್ ಬುಕ್ಕನ್ನು ಯಾರಿಗೆ ಬೇಕಾದರೂ ಕೊಡು, ಹೇಗೆ ಬರೆಯುವುದೆಂದು ಕಲಿಸಿಕೊಡುತ್ತೇನೆ. ಬರುವ ಭಾನುವಾರ ಹೊಳಲ್ಕೆರೆಯವರ ಜೊತೆ ಮ್ಯಾಚ್ ಇದೆ. ಉಗ್ರಪ್ಪಣ್ಣನ ಮನೆಗೆ ನೀನೇ ಹೋಗಿ ಕರೆದುಕೊಂಡು ಬಾ. ಅವನು ಸಂಘಕ್ಕೆ ವಾಪಸ್ ಕೊಟ್ಟಿದ್ದ ಬಿಳಿ ಕೋಟನ್ನು ಒಗೆದು ಇಸ್ತ್ರಿ ಮಾಡಿಸಿ ನನ್ನ ಅಂಗಡಿಯಲ್ಲಿ ಇಟ್ಟಿದ್ದೇನೆ.