ಬೆಳಕು ಕಂಡರಾಗದ ಮುತ್ಲಕ್
ವಾದಿ ರಮ್ ಮರುಭೂಮಿಯಲ್ಲಿ ಸೇತುವೆಯಂತೆ ಬಾಗಿ ನಿಂತ ಬಂಡೆಯ ಮೇಲಿನ ನಕ್ಷತ್ರಗಳ ಫೋಟೊ ಹೊಡೆಯಲು ಬರುವವರಿಗೆ ದಾರಿ ತೋರುವ ಮುತ್ಲಕನಿಗೆ ಬೆಳಕೆಂದರೆ ಆಗುತ್ತಿರಲಿಲ್ಲ. ಯಾರಾದರೂ ಸಿಗರೇಟು ಹಚ್ಚಿದರೆ, "ಆರ್ಸಪ್ಪಾ, ಆಕಾಶ ಹಾಳಾಗುತ್ತೆ!" ಎಂದು ಗದರುತ್ತಿದ್ದ, ಒಂಟೆಯ ಕಣ್ಣು ಹೊಳೆದರೂ ಅದರ ಮುಖಕ್ಕೆ ಕಂಬಳಿ ಹೊದಿಸುತ್ತಿದ್ದ. "ಚಂದ್ರನಿಗೂ ಒಂದು ಗೋಣಿ ಮುಚ್ಚಿ ಬಾರಯ್ಯ" ಎಂದು ಹೆಂಡತಿ ನೂಫಾ ಹಂಗಿಸುತ್ತಿದ್ದಳು. ದಾರಿ ತಪ್ಪಿದವರಿಗೆ ಕಾಣಲೆಂದು ಅಜ್ಜನ ಕಾಲದಿಂದ ಆ ಬಂಡೆಯ ಬುಡದಲ್ಲಿ ರಾತ್ರಿಯಿಡೀ ಉರಿಯುತ್ತಿದ್ದ ಬೆಂಕಿಯನ್ನೂ ಅವನು ನಿಲ್ಲಿಸಿಬಿಟ್ಟ. ಒಂದು ಬೆಳಿಗ್ಗೆ ಬಂಡೆಯ ಹತ್ತಿರದ ಮರಳಲ್ಲಿ ಬರಿಗಾಲಿನ ಹೆಜ್ಜೆಗಳು ಕಂಡವು. ಎಡಗಾಲಿನ ಸೊಟ್ಟ ಬೆರಳು ನೋಡಿದ್ದೇ ಅವನಿಗೆ ಗುರುತು ಸಿಕ್ಕಿತು: ಹಿಂದಿನ ಸಂಜೆ ಆಡು ಹುಡುಕಲು ಹೋಗಿ ಮರಳದ ಅಕ್ಕ ಹಮ್ದಾ! ಬೆಂಕಿ ಉರಿಯುತ್ತಿದ್ದ ಜಾಗಕ್ಕೆ ನೂರು ಮಾರು ದೂರದವರೆಗೆ ಬಂದು, ಕತ್ತಲೆ ಕಂಡು, ಬೇರೆ ಕಡೆ ತಿರುಗಿದ್ದಳು. ಮುಂದಿನದನ್ನು ಗಾಳಿ ಅಳಿಸಿತ್ತು. ಅಕ್ಕ ಸಿಗಲೇ ಇಲ್ಲ. ಈಗ ಅಲ್ಲಿ ತೆಗೆದ ಪ್ರತಿ ಫೋಟೊದ ಮೂಲೆಯಲ್ಲೂ ಒಂದು ಬೆಂಕಿ ಇರುತ್ತದೆ. "ಚಿತ್ರ ಕೆಡ್ತಲ್ಲೋ!" ಎಂದು ಯಾರಾದರೂ ರೇಗಿದರೆ, "ಕೆಡ್ಲಿ ಬಿಡಿ. ಅವಳಿಗೆ ಕಾಣ್ಲಿ" ಎನ್ನುತ್ತಾನೆ.