ಇನ್ನೊಂದು ಸಾಲು ಸೇರಿಸು

ಮೊನ್ನೆ ಮನೆ ಮಾರಿಸಿಕೊಡುವ ಆಫೀಸಿನವನೊಬ್ಬ ಅಚ್ಚು ಹಾಕಿದ ಫಾರಂ ತಂದು ನನ್ನ ಮೇಜಿನ ಮೇಲಿಟ್ಟ. ತೀರ್ಥಹಳ್ಳಿಯ ಈ ಮನೆಯನ್ನು ಮೂರು ತಿಂಗಳು ಅವನ ಮೂಲಕವೇ ಮಾರಬೇಕಂತೆ. ಮೆಟ್ಟಿಲು ಹತ್ತಲು ಮೊಣಕಾಲು ಒಪ್ಪುತ್ತಿಲ್ಲವೆಂದು ಅವನನ್ನು ಕರೆಸಿದವನು ನಾನೇ. ಫಾರಂನ ಕೊನೆಯಲ್ಲಿ ‘ವಿಶೇಷ ಷರತ್ತುಗಳು’ ಎಂದು ಎರಡು ಬೆರಳಗಲದ ಖಾಲಿ ಜಾಗ. ಅದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಚಿಕ್ಕಮ್ಮನನ್ನು ಕಂಡಿದ್ದರೆ ನೀವೂ ನಗುತ್ತಿದ್ದಿರಿ.

ಅರವತ್ತರ ದಶಕದ ಮಾತು. ಹೊಸನಗರದಲ್ಲಿ ಅಪ್ಪ ಬಿಟ್ಟುಹೋದ ಮನೆಯೊಂದಿತ್ತು. ತಾಯಿಯಿಲ್ಲದ ನನ್ನನ್ನು ಸಾಕಿದ ಚಿಕ್ಕಮ್ಮ, ಅಮ್ಮನ ತಂಗಿ, ಅಲ್ಲಿದ್ದಳು. ನನಗೆ ತೀರ್ಥಹಳ್ಳಿಯ ಶಾಲೆಗೆ ವರ್ಗವಾಯಿತು, ಮದುವೆಯೂ ಆಯಿತು, ಮಾವನವರು ಅಲ್ಲೇ ಒಂದು ನಿವೇಶನ ತೋರಿಸಿದರು. ಹೊಸ ಅಳಿಯನಿಗೆ ಮಾವನ ಮಾತು ವೇದವಾಕ್ಯ. ಹೊಸನಗರದ ಮನೆ ಮಾರುವುದೆಂದು ತೀರ್ಮಾನಿಸಿಬಿಟ್ಟೆ. ಚಿಕ್ಕಮ್ಮ ನಮ್ಮ ಜೊತೆ ಬರುತ್ತಾಳೆ ಎಂದು ನಾನೇ ಅಂದುಕೊಂಡೆ. ಕೇಳಲಿಲ್ಲ. ಕೇಳುವುದೇನಿದೆ, ಮನೆಯ ಪತ್ರ ನನ್ನ ಹೆಸರಿನಲ್ಲಿತ್ತಲ್ಲ!

ದಲ್ಲಾಳಿ ಮಂಜಯ್ಯ ಮೊದಲು ಎತ್ತಿನ ವ್ಯಾಪಾರ ಕುದುರಿಸುತ್ತಿದ್ದವನು. ಶರಾವತಿಗೆ ಅಣೆಕಟ್ಟು ಕಟ್ಟಿ ಊರುಗಳು ಮುಳುಗತೊಡಗಿದಾಗ ಮನೆ ಹುಡುಕುವವರು ಹೆಚ್ಚಿದರು. ಅವನು ಎತ್ತು ಬಿಟ್ಟು ಮನೆಗೆ ಕೈಹಾಕಿದ. ನಮ್ಮ ಗೋಡೆಯನ್ನು ಎತ್ತಿನ ಸುಳಿ ನೋಡಿ ಬೆನ್ನು ತಟ್ಟುವ ಹಾಗೆ ತಟ್ಟಿ, “ಸುಳಿ ಶುದ್ಧ ಇದೆ ಮೇಷ್ಟ್ರೆ” ಎಂದ. ಮೂರು ತಿಂಗಳು ಬೇರೆ ದಲ್ಲಾಳಿಗೆ ಹೇಳಕೂಡದೆಂದು ನಾನು ಕರಾರು ಬರೆದು, ಮೇಲೆ ಎಲೆ ಅಡಿಕೆ ಇಟ್ಟು ಕೊಟ್ಟೆ. ಅಕ್ಷರ ದುಂಡಗಿದೆ ಎಂಬ ಜಂಬ ಬೇರೆ.

ಚಿಕ್ಕಮ್ಮ ಬೇಡ ಎನ್ನಲಿಲ್ಲ. ಓದಿಸಿ ಕೇಳಿ, “ಒಂದು ಸಾಲು ಸೇರ್ಸು ಮಗಾ, ಒರಳು ಮಾತ್ರ ಕೊಡೋದಿಲ್ಲ ಅಂತ” ಎಂದಳು. ನೆಲದಲ್ಲಿ ಹೂತ ಒರಳುಕಲ್ಲು! ಆಗಲಿ ಎಂದು ಕೆಂಪು ಶಾಯಿಯಲ್ಲಿ ‘ತಿದ್ದುಪಡಿ ಒಂದು’ ಬರೆದೆ. ವಿಧಾನಸೌಧದಲ್ಲಿ ಕುಳಿತಷ್ಟು ಗತ್ತು ನನಗೆ. ಮುಂದಿನ ಭಾನುವಾರ ಬಸ್ಸಿಳಿದು ಹೋದರೆ ಇನ್ನೊಂದು ಸಾಲು: ಪಕ್ಕದ ಮನೆಯ ಫಾತಿಮಾಬಿ ನಮ್ಮ ಬಾವಿಯಲ್ಲಿ ನೀರು ಸೇದುವುದನ್ನು ಕೊಂಡವರು ತಡೆಯಬಾರದು. ಅದರ ಮುಂದಿನ ವಾರ, ಅಟ್ಟದಲ್ಲಿ ಮರಿ ಹಾಕುವ ಬೆಕ್ಕನ್ನು ಓಡಿಸಬಾರದು. ಹಿತ್ತಿಲ ಹಲಸಿನಲ್ಲಿ ವರ್ಷಕ್ಕೆ ನಾಲ್ಕು ಹಣ್ಣು ತನಗೆ. ಆಮೇಲೆ, ತುಳಸಿಗೆ ಎರಡು ಹೊತ್ತೂ ದೀಪ ತಾನೇ ಇಡಬೇಕು. ತೀರ್ಥಹಳ್ಳಿಯಿಂದ ದಿನಾ ಬಂದು ದೀಪ ಇಡುತ್ತೀಯಾ ಎಂದು ನಾನು ಕೇಳಲೇ ಇಲ್ಲ ನೋಡಿ! ಅಂಚಿನಲ್ಲಿ ಬರೆಯಲು ಜಾಗ ಎಲ್ಲಿದೆ ಎಂದು ಹುಡುಕುತ್ತಿದ್ದೆ.

ಮಂಜಯ್ಯ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, “ಕೊಂಡೋರು ಬರೀ ಹೆಂಚು ಎಣಿಸ್ಕಂಡು ಕೂರ್ಬೇಕಾ ಮೇಷ್ಟ್ರೆ?” ಎಂದ.

ಆದರೂ ಒಬ್ಬರು ಬಂದರು. ತುಮರಿ ಕಡೆಯ ಗಂಡ ಹೆಂಡತಿ. ಅವರ ಮನೆ, ಗದ್ದೆ ಎರಡೂ ನೀರಿನಡಿಗೆ ಹೋಗಿದ್ದವು. ಸಾಗರದಲ್ಲಿ ನೆಂಟರ ಜಗಲಿಯಲ್ಲಿ ದಿನ ದೂಡುತ್ತಿದ್ದರು. ನಾನು ತಿದ್ದುಪಡಿಗಳನ್ನು ಗಂಭೀರವಾಗಿ ಓದಿದೆ. ಒರಳು? “ಅಡ್ಡಿಲ್ಲೆ.” ಬೆಕ್ಕು? “ಅಡ್ಡಿಲ್ಲೆ.” ದೀಪ? ಅದಕ್ಕೂ ಅಡ್ಡಿಯಿರಲಿಲ್ಲ. ನನಗೆ ಖುಷಿಯೋ ಖುಷಿ. ಮಜ್ಜಿಗೆ ತಂದುಕೊಟ್ಟ ಚಿಕ್ಕಮ್ಮ ಬಾಗಿಲ ದಾರಂದ ಹಿಡಿದು ನಿಂತಳು. “ಇನ್ನೊಂದು ಸಾಲು...” ಎಂದವಳು ಮುಂದೆ ಹೇಳಲಿಲ್ಲ. ಅವಳ ಬಳಿ ಸಾಲುಗಳು ಮುಗಿದುಹೋಗಿದ್ದವು.

ಆಗ ಆ ಹೆಂಗಸು ಕೇಳಿದರು: “ಅಮ್ಮಾ, ನೀವು ಎಲ್ಲಿಗೆ ಹೋಗ್ತೀರಿ?”

ಚಿಕ್ಕಮ್ಮ ನನ್ನ ಮುಖ ನೋಡಿದಳು. ಐದು ತಿದ್ದುಪಡಿ ಬರೆದ ಪಂಡಿತ ಈ ಒಂದು ಮಾತು ಕೇಳಿರಲಿಲ್ಲ. ಆ ಹೆಂಗಸು ಗಂಡನ ಕಡೆ ತಿರುಗಿ ತಮ್ಮ ಮನೆಮಾತಿನಲ್ಲಿ, “ನೀರು ಎಂಗಳನ್ನ ಎಬ್ಸಿದ್ದು ಸಾಕು. ಎಂಗೊ ಮತ್ತೊಬ್ಬರನ್ನ ಎಬ್ಸದು ಬ್ಯಾಡ” ಎಂದು ಎದ್ದರು. ಮಜ್ಜಿಗೆಯನ್ನು ಮಾತ್ರ ಪೂರ್ತಿ ಕುಡಿದೇ ಹೋದರು. ಅವರು ಎಲ್ಲಿ ನೆಲೆ ಕಂಡರೋ ನನಗೆ ಇಂದಿಗೂ ಗೊತ್ತಿಲ್ಲ. ನೆನೆದಾಗಲೆಲ್ಲ ಸಂಕಟವಾಗುತ್ತದೆ.

ಕರಾರಿಗೆ ಇನ್ನೂ ದಿನ ಉಳಿದಿತ್ತು. ಎಲೆ ಅಡಿಕೆ ಇಟ್ಟು ಕೊಟ್ಟ ಮಾತನ್ನು ರದ್ದು ಮಾಡುವುದು ಹೇಗೆಂದು ನಾನು ತಡವರಿಸುತ್ತಿದ್ದರೆ, ಮಂಜಯ್ಯ ತನ್ನ ಸಂಚಿಯಿಂದಲೇ ಎಲೆ ಅಡಿಕೆ ತೆಗೆದು ಕಾಗದದ ಮೇಲಿಟ್ಟ. ನನ್ನ ಕೈಗಲ್ಲ, ಚಿಕ್ಕಮ್ಮನ ಕೈಗೆ ಕೊಟ್ಟ. “ಕೆಲವು ಹಸ ಮಾರಿದ್ರೂ ಸಂಜೆಗೆ ಹಳೇ ಕೊಟ್ಟಿಗೆಗೇ ಬರ್ತವೆ ಮೇಷ್ಟ್ರೆ. ಅಂಥದ್ದನ್ನ ಸಂತೆಗೆ ಹೊಡೀಬಾರ್ದು” ಎಂದ. ಚಿಕ್ಕಮ್ಮ ಎಲೆ ಅಡಿಕೆ ಹಾಕಿಕೊಂಡಳು. ನನ್ನ ದುಂಡು ಅಕ್ಷರದ ಕರಾರನ್ನು ಅಟ್ಟದ ಬೆಕ್ಕಿನ ಮರಿಗಳ ಕೆಳಗೆ ಹಾಸಿದಳು. ಕೊನೆಯ ತನಕ ಆ ಮನೆಯಲ್ಲೇ ಇದ್ದಳು. ನಾನು ನಿವೇಶನ ಕೊಳ್ಳುವುದು ವರ್ಷಗಟ್ಟಲೆ ತಡವಾಯಿತು. ಮಾವನವರು ಅಷ್ಟೂ ವರ್ಷ ನನ್ನನ್ನು ಅನುಮಾನದಿಂದಲೇ ನೋಡಿದರು.

ಫಾರಂ ತಂದವನು ಪೆನ್ನು ಚಾಚಿಕೊಂಡೇ ಇದ್ದ. ಅಂದೇ ಬುದ್ಧಿ ಬಂದಿತ್ತೆಂದು ತಿಳಿದಿದ್ದೆ. ಈ ಸಲವೂ ಹೆಂಡತಿಗೆ ಒಂದು ಮಾತು ಹೇಳದೆ ಅವನನ್ನು ಕರೆಸಿದ್ದೆನಲ್ಲ! “ಒಳಗೆ ಕೇಳಿ ಬರ್ತೀನಿ” ಎಂದು ಫಾರಂ, ಪೆನ್ನು ಎರಡನ್ನೂ ಹಿಡಿದು ಅಡಿಗೆಮನೆಗೆ ಹೋದೆ. ಅವಳು ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು.

“ಮಾರಿ, ನಂದೇನೂ ಅಡ್ಡಿ ಇಲ್ಲ. ಒಂದೇ ಒಂದು ಸಾಲು ಸೇರಿಸ್ಬೇಕು” ಎಂದಳು.

ನಾನು ಹೊರಗೆ ಬಂದು, ಸಹಿ ಹಾಕದೆಯೇ ಅವನ ಪೆನ್ನು ಅವನಿಗೆ ಕೊಟ್ಟೆ.